ಮೂಸದ ಮಲ್ಲಿಗೆ

ಮಲ್ಲಿಗೆ ಕಟ್ಟುವುದೇ ಕಸುಬಾದರೂ, ಡೈನಾ ಬಾಯಿ ತಾವು ಕಟ್ಟಿದ ಹೂವನ್ನು ಮೂಗಿನ ಹತ್ತಿರ ಹಿಡಿದದ್ದನ್ನು ನಾನು ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿಲ್ಲ. ಕಾಪು ಹತ್ತಿರದ ಶಂಕರಪುರದಲ್ಲಿ ಅವರ ಮನೆ, ಅಂಗಳದ ತುಂಬ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕಾಲು ಚಾಚಿ ಕುಳಿತು ಬಾಳೆನಾರು ಹಿಡಿದರೆಂದರೆ ಕೈ ತನ್ನ ಪಾಡಿಗೆ, ನಾಲಗೆ ತನ್ನ ಪಾಡಿಗೆ. ಕಾಪುವಿನ ಸುದ್ದಿಯೆಲ್ಲ, ಹೂವಿಗೆಂದು ಹೋಗುವ ನನಗೆ ಸಿಗುವುದು ಅಲ್ಲಿಯೇ.

"ಮೂಸಿದ ಹೂ ನಿಮ್ಮ ದೈವಕ್ಕೆ ಆಗುವುದಿಲ್ಲ ಅಲ್ವಾ ಪ್ರಫುಲ್ಲಕ್ಕ?" ಎಂದು ಮೊದಲ ವರ್ಷವೇ ಹೇಳಿದ್ದರು. "ದೈವದ ವಿಷಯ ನನಗೆಂತ ಗೊತ್ತು? ನಿಮಗೆ ಅದು ದೊಡ್ಡದು ಅಂತ ಗೊತ್ತುಂಟು. ಅಷ್ಟು ಸಾಕು."

ಎಷ್ಟು ಓದಿದವರಿಗೆ ಬರುತ್ತದೆ ಈ ಮಾತು? ನನಗಂತೂ ಬಂದಿರಲಿಲ್ಲ. ಅದು ತಿಳಿದದ್ದು ಕಳೆದ ವರ್ಷದ ತಂಬಿಲದ ದಿನ.

ನಮ್ಮ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಪೂಜೆ ಅದು. ಮಧ್ಯಾಹ್ನ ಹನ್ನೆರಡರೊಳಗೆ ಹೂ ಬನ್ನಂಜೆಯ ನಮ್ಮ ಮನೆ ಸೇರಬೇಕು. ನಾನು ಬೇಗನೇ ಹೋಗಿ ಜಗಲಿಯಲ್ಲಿ ಕುಳಿತಿದ್ದೆ. ದುಬೈಯಿಂದ ರಜೆಗೆ ಬಂದ ಅವರ ಮಗ ಕಾರ್ಲ್ಟನ್ ಹೊರಬಂದು, ನನಗೆಂದು ಕಟ್ಟಿಟ್ಟ ಹೂವಿನ ಚೆಂಡನ್ನು ಎತ್ತಿ, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದ. ಮೂರು ವರ್ಷ ಮರಳುಗಾಡಿನಲ್ಲಿದ್ದವನು, ಪಾಪ.

"ಅಯ್ಯೋ ಪುತಾ, ಎಂತ ಮಾಡಿದಿ!" ಎಂದು ತಾಯಿ ಕೂಗಿದರು.

ಅವನ ಮುಖ ಸಪ್ಪಗಾಯಿತು. ಸಮಾಧಾನ ಮಾಡಲು ಹೋಗಿ ನಾನು ನಾಲಗೆ ಹರಿಬಿಟ್ಟೆ. "ಇರಲಿ ಮಾರಾಯ, ಇದನ್ನು ನಿಮ್ಮ ಮೇರಿ ಮಾತೆಗೆ ಇಡಿ. ನಿಮ್ಮಲ್ಲಿ ಮೂಸಿದ್ದೂ ನಡೀತದೆ ಅಲ್ವಾ?"

ಉಳಿದ ನಾರು ಸುತ್ತಿಡುತ್ತಿದ್ದ ಡೈನಾ ಬಾಯಿಯ ಕೈ ನಿಂತಿತು.

"ಮೂಸಬಾರದು ಅಂತ ನಮ್ಮಲ್ಲಿ ಇಲ್ಲ ಪ್ರಫುಲ್ಲಕ್ಕ," ಎಂದರು ಮೆಲ್ಲಗೆ. "ಆದರೆ ಇನ್ನೊಬ್ಬರಿಗೆ ಬೇಡವಾದದ್ದನ್ನು ಮಾತೆಗೆ ಕೊಡುವ ಕ್ರಮವೂ ಇಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅವರ ಪಕ್ಕದ ಬಾಳೆಲೆಯಲ್ಲಿ ಆರಿಸಿಟ್ಟ ದಪ್ಪ ಮೊಗ್ಗುಗಳಿದ್ದವು. ಮಾತೆಯ ಪಾಲು. ದಿನವೂ ಮೊದಲು ತೆಗೆದಿಡುವುದು ಅದನ್ನೇ. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ಈಗ ಕಂಡಿತು. ಒಂದು ಮಾತಿಗೆ ಈ ಜಗಲಿ ನನಗೆ ತಪ್ಪಿಹೋಯಿತೆಂದೇ ಹೆದರಿದೆ.

"ತಪ್ಪಾಯ್ತು ಬಾಯಿ," ಎಂದೆ. ಮೂಸಿದ ಚೆಂಡನ್ನು ಎತ್ತಿ ನಾನೇ ಮುಡಿದುಕೊಂಡೆ. ಅರವತ್ತರ ತಲೆಯ ಮೇಲೆ ಪೂರಾ ಒಂದು ಚೆಂಡು! ಕಾರ್ಲ್ಟನ್ ನಗು ತಡೆಯಲಾರದೆ ಒಳಗೆ ಓಡಿದ.

ಉಳಿದ ಮೊಗ್ಗೆಲ್ಲ ಆಗಲೇ ಪೇಟೆಗೆ ಹೋಗಿತ್ತು. ಡೈನಾ ಬಾಯಿ ಬಾಳೆಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕಟ್ಟತೊಡಗಿದರು.

"ಅದು ಮಾತೆಯದ್ದಲ್ವಾ?"

"ಹೌದು. ನಿಮಗೆ ಹನ್ನೆರಡರ ಹೊತ್ತು ಉಂಟಲ್ಲ. ಮಾತೆಗೆ ನಾನು ಹೇಳಿಕೊಳ್ತೇನೆ, ನಾಳೆ ಎರಡು ಪಾಲು ಅಂತ."

ಹೂ ಹೊತ್ತಿಗೆ ಸರಿಯಾಗಿ ಮನೆ ಸೇರಿತು. ಮರುದಿನ ಮೊದಲ ಬಸ್ಸಿಗೇ ಶಂಕರಪುರಕ್ಕೆ ಹೋದೆ. ಗಿಡಗಳ ನಡುವೆ ಬಗ್ಗಿ, ಮಾತೆಯ ಎರಡು ಪಾಲನ್ನೂ ನಾನೇ ಕೊಯ್ದೆ, ಮೂಗನ್ನು ಅತ್ತ ತಿರುಗಿಸಿಕೊಂಡು. ಅದನ್ನು ಕಂಡು ಡೈನಾ ಬಾಯಿ ಬಿದ್ದು ಬಿದ್ದು ನಕ್ಕರು.

"ನಮ್ಮಲ್ಲಿ ಮೂಸಬಹುದು ಮಾರಾಯ್ರೆ!"

"ಗೊತ್ತುಂಟು," ಎಂದೆ. "ನೀವು ಇಪ್ಪತ್ತೆರಡು ವರ್ಷ ಮೂಸಲಿಲ್ಲ ಅಲ್ವಾ? ನನಗೆ ಒಂದು ದಿನ ಆಗುವುದಿಲ್ವಾ?"