ಎಡಗಾಲಿನ ಚಪ್ಪಲಿ

ಮೊದಲು ಕಂಡದ್ದು ಮೊಳೆ. ಹಾಗಂತ ಈಗ ಹೇಳುತ್ತಿದ್ದೇನೆ. ನನ್ನ ಗಂಡನ ತೊಡೆಯ ಮೇಲಿನ ಬಿಳಿಚಿದ ಮಚ್ಚೆ ಅದಕ್ಕೂ ಮುಂಚೆಯೇ ಇದ್ದಿರಬೇಕು. ನೆನಪು ಅದನ್ನು ಆಮೇಲೆ ತಂದಿಟ್ಟಿದೆ.

ಇವರು ಸೊರಬದಲ್ಲಿ ಫುಟ್‌ಬಾಲ್ ಮ್ಯಾಚ್ ಆಡಿಸಿ ಸಂಜೆ ಬಸ್ಸಿಗೆ ಶಿಕಾರಿಪುರದ ಮನೆಗೆ ಬಂದರು. ಜಗಲಿಯ ಮೇಲೆ ರಕ್ತದ ಹೆಜ್ಜೆ. ಬಲ ಅಂಗಾಲಿನಲ್ಲಿ ಮೊಳೆ ನೆಟ್ಟಿತ್ತು.

"ಯಾವಾಗ ಚುಚ್ಚಿತ್ರೀ?"

"ಏನು?" ಅಂದರು.

ಜೊತೆಗೆ ಬಂದಿದ್ದ ಆಟಗಾರರು ಕುಣಿದರು. "ಮೇಷ್ಟ್ರ ಕಾಲು ಕಬ್ಬಿಣದ್ದು ಕಣ್ರೋ! ಮೊಳೆಗೇ ನೋವಾಗಿರ್ತತಿ!"

ನಾನೂ ನಕ್ಕೆ. ಅವರ ಪಾಠವೇ ಅಂಥದ್ದು. ಮ್ಯಾಚಿಗೆ ಮುಂಚೆ ಎಲ್ಲರನ್ನೂ ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಿದ್ದರು. ಮೊದಲು ಕಾಲೆತ್ತಿದವನು ಆ ದಿನ ಟೀಮಿಗಿಲ್ಲ. ತಾವೂ ನಿಲ್ಲುತ್ತಿದ್ದರು, ಕೊನೆಯವರೆಗೂ. ಯುದ್ಧಕಾಲದಲ್ಲಿ ರಂಗೂನಿನಿಂದ ಕಾಡು ದಾಟಿ ನಡೆದು ಬಂದ ಕಾಲು, ಬೆಂಗಳೂರಿನ ಮಿಲ್ ಟೀಮಿಗೆ ಬೂಟಿಲ್ಲದೆ ಗೋಲು ಹೊಡೆದ ಕಾಲು, ಆಮೇಲೆ ಇಲ್ಲಿಯ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕಲಿಸಿದ ಕಾಲು. ನೋವು ಅಂಥವರ ಮಾತು ಕೇಳುತ್ತದೆ ಎಂದುಕೊಂಡಿದ್ದೆವು.

ಗಾಯ ಮಾಯಲಿಲ್ಲ. ಶಿವಮೊಗ್ಗದ ಡಾಕ್ಟರು ಕಣ್ಣು ಮುಚ್ಚಿಸಿ ಪಿನ್ನಿನಿಂದ ಚುಚ್ಚುತ್ತ ಹೋದರು. ಬಲಗಾಲಿಗೆ ಚುಚ್ಚುವಾಗ ಇವರು ಸುಮ್ಮನಿದ್ದರು.

ಲೆಪ್ರಸಿ.

"ಮಾತ್ರೆಯಿಂದ ರೋಗ ನಿಲ್ಲಬಹುದು. ಸತ್ತ ನರ ವಾಪಸ್ ಬರಲ್ಲ," ಅಂದರು ಡಾಕ್ಟರು.

"ನಾನು ಗ್ರೌಂಡಿಗೆ ಹೋಗೋದು?"

"ಎಡಗಾಲಲ್ಲಿ ಸ್ಪರ್ಶ ಇದೆ. ಅದು ಉಳಿದರೆ ನೋಡೋಣ." ನನ್ನ ಕಡೆ ತಿರುಗಿದರು. "ದಿನಾ ಪರೀಕ್ಷೆ ಮಾಡಿ, ಅಮ್ಮಾ. ಬರಿಗಾಲಲ್ಲಿ ಬಿಡಬೇಡಿ."

ಹೈಸ್ಕೂಲಿನವರು ಗುಣವಾದ ಮೇಲೆ ಬನ್ನಿ ಅಂದರು. ಆಟಗಾರರು ಮನೆಗೆ ಬರುವುದು ಒಮ್ಮೆಗೇ ನಿಂತಿತೋ, ಒಬ್ಬೊಬ್ಬರಾಗಿ ನಿಂತರೋ, ಎರಡೂ ನೆನಪಿದೆ, ಎರಡೂ ನಿಜವಾಗಲಾರದು. ಸೊರಬದಿಂದ ಬಂದ ನನ್ನಣ್ಣ ಅಂಗಳ ದಾಟಲಿಲ್ಲ.

"ನಡಿಯೇ ತಂಗಿ, ಬಸ್ ಬರೋ ಹೊತ್ತಾತು. ಊರು ಕೇರಿ ಇಲ್ದೋನಿಗೆ ಕೊಡ್ಬೇಡ ಅಂತ ಅಪ್ಪಯ್ಯಂಗೆ ಆಗ್ಲೇ ಹೇಳಿದ್ದೆ."

"ಒಳಗೆ ಬಾ ಅಣ್ಣಾ, ಕಾಫಿ ಕುಡಿ."

ಕುಡಿಯಲಿಲ್ಲ. ನಾನೂ ಹೋಗಲಿಲ್ಲ.

ಟೈರಿನ ಚಪ್ಪಲಿ ಮಾಡಿಸಿದೆ. ಇವರು ಬಲಗಾಲಿಗೆ ಮಾತ್ರ ಹಾಕಿಕೊಂಡರು. "ಎಡದ್ದು ಚೆಂಡಿನ ಕಾಲು ಕಣೇ. ಅದಕ್ಕೆ ನೆಲ ಗೊತ್ತಾಗ್ತಿರ್ಬೇಕು." ಜಗಳವಾಡಿದೆ. ಕೇಳಲಿಲ್ಲ. ಇನ್ನೊಂದು ಚಪ್ಪಲಿ ಮೂಲೆ ಸೇರಿತು.

ದಿನಾ ಬೆಳಿಗ್ಗೆ ಕಣ್ಣು ಮುಚ್ಚಿಸಿ ಎಡಗಾಲಿಗೆ ಪಿನ್ನು ಮುಟ್ಟಿಸುತ್ತಿದ್ದೆ. ಹೆಬ್ಬೆರಳು. "ಹೂಂ." ಹಿಮ್ಮಡಿ. "ಹೂಂ." ಆ ಹೂಂಗಳ ಮೇಲೆ ನಮ್ಮ ದಿನ ನಡೆಯುತ್ತಿತ್ತು.

ನಿನ್ನೆ ಪಿನ್ನು ಹಿಡಿದು ಕೂತಾಗ ಒಲೆಯ ಮೇಲೆ ಹಾಲು ಉಕ್ಕಿತು. ಅತ್ತ ತಿರುಗಿದೆ. ಪಿನ್ನು ಕಾಲನ್ನು ಇನ್ನೂ ಮುಟ್ಟಿರಲಿಲ್ಲ.

"ಹೂಂ," ಅಂದರು. "ಗೊತ್ತಾತು."

ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಹಿಂದಿನ ಹೂಂಗಳಲ್ಲಿ ಎಷ್ಟು ನಿಜವಾಗಿದ್ದವೋ.

"ಸರಿ," ಅಂದೆ.

ಹಾಲು ಇಳಿಸಿ ಬಂದೆ. ಮೂಲೆಯ ಚಪ್ಪಲಿ ತಂದು ಧೂಳು ಒರೆಸಿ ಅವರ ಎಡಗಾಲಿಗೆ ಹಾಕಿದೆ. ಬೇಡ ಅನ್ನಲಿಲ್ಲ. ಪಟ್ಟಿ ಎಳೆದು, ರೂಢಿಯಂತೆ ಕೇಳಿಬಿಟ್ಟೆ:

"ಬಿಗಿ ಆತೇನ್ರೀ?"

ಕಣ್ಣು ತೆರೆದು ತಮ್ಮ ಪಾದವನ್ನು ನೋಡಿದರು.

"ನೀನೇ ನೋಡಿ ಹೇಳು," ಅಂದರು.