ಕಾಗೆ ಕೇಳಿದ ಜಪಾನಿ ಹಾಡು

ಆ ಭಾನುವಾರ ನನ್ನ ತಂಗಿ ಶರಣಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಮೊಬೈಲಿನಲ್ಲಿ ಜಪಾನಿನ ಗಾಯಕಿಯೊಬ್ಬಳು ಹಾಡುತ್ತಿದ್ದಳು. ಅವಳ ತಾಳಕ್ಕೆ ಇವಳ ಅಂಗೈ ಬೀಳುತ್ತಿತ್ತು. ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆಯಲ್ಲಿ ಇದೆಂಥ ಹಾಡು ಎಂದು ನಿಮಗೆ ಅನಿಸೀತು. ನಮಗದು ರೂಢಿಯಾಗಿತ್ತು.

ಆ ಗಾಯಕಿಯ ಬದುಕು ಶರಣಿಗೆ ಸ್ವಂತ ಬಳಗದ ಕತೆಯಷ್ಟೇ ಬಾಯಿಪಾಠ. ಹುಡುಗಿಯರ ಮೇಳದ ಹಿಂದಿನ ಸಾಲಿನಲ್ಲಿ ಕುಣಿದದ್ದು, ಮೇಳ ಒಡೆದ ಮೇಲೆ ಒಬ್ಬಳೇ ವೇದಿಕೆ ಏರಿದ್ದು, ಹೆಸರು ಬಂದು, ದನಿ ದಣಿದು, ಹಾಡು ಬಿಟ್ಟು ಸಿನಿಮಾ ಸೇರಿದ್ದು. ಮೊದಲ ಸಿನಿಮಾದಲ್ಲಿ ಅವಳದು ಸತ್ತ ಮಗಳ ಪಾತ್ರವಂತೆ. ಶರಣಿ ಅದರ ತುಣುಕೊಂದನ್ನು ಹಚ್ಚಿ ತೋರಿಸಿದಳು.

"ನೋಡಕ್ಕಾ, ಸತ್ರೂ ಮನಿ ಬಿಡವಲ್ಲಳು. ಬಾಗಲದಾಗ ನಿಂತು ಒದರಾಕತ್ತಾಳ, ಒಬ್ರಿಗೂ ಕೇಳವಲ್ದು."

"ರೊಟ್ಟಿ ಹೊತ್ತಾಕತ್ತದ, ಮದ್ಲು ಅದನ್ನ ನೋಡು ಬೇ," ಎಂದು ಅವ್ವ ಗದರಿದಳು.

ಮರುದಿನ ಶರಣಿಗೆ ಜ್ವರ ಬಂತು. ಮಾನ್ವಿಯ ಔಷಧಿಗೆ ಇಳಿಯಲಿಲ್ಲ, ರಾಯಚೂರಿಗೆ ಒಯ್ದೆವು. ಅಲ್ಲಿಂದ ಅವಳನ್ನು ತಂದದ್ದು ಮಣ್ಣು ಮಾಡುವುದಕ್ಕೆ.

ಮೂರನೆಯ ದಿನ ಅವಳನ್ನು ಹೂತ ಗುಂಡಿಯ ಮೇಲೆ ಎಡೆ ಇಟ್ಟು ದೂರ ನಿಂತೆವು. ಕಾಗೆ ಮುಟ್ಟಿದರೆ ಹೋದವರಿಗೆ ನೆಮ್ಮದಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ನಮ್ಮ ನಂಬಿಕೆ. ರೊಟ್ಟಿ, ಬದನೆಕಾಯಿ ಪಲ್ಯ, ಮಂಡಾಳ ಒಗ್ಗರಣೆ, ಮಿರ್ಚಿ, ಎಲ್ಲವೂ ಇದ್ದವು. ಕಾಗೆಗಳು ಜಾಲಿಮರದ ತುಂಬ ಕುಳಿತಿದ್ದವು. ಒಂದೂ ಇಳಿಯಲಿಲ್ಲ, ಒಂದೂ ಕೂಗಲಿಲ್ಲ. "ಅವ್ವನ್ನ ನಾವು ನೋಡ್ಕೋತೀವಿ, ಉಣ್ಣವ್ವಾ," ಎಂದು ಮಾವ ಕೈಮುಗಿದ. ಬಿಸಿಲೇರಿತು. ಅವ್ವ ಅಲ್ಲೇ ಕುಸಿದು ಕುಳಿತಳು. ಮಗಳು ಹಸಿದು ಅಲೆಯುತ್ತಾಳೆಂಬ ಭಯ ಅವಳ ಮುಖದಲ್ಲಿ ಕಾಣುತ್ತಿತ್ತು.

ದೇವದುರ್ಗದಿಂದ ಬಂದಿದ್ದ ನಮ್ಮತ್ತೆ ತಡೆಯಲಾರದೆ ಅಂದಳು: "ಆ ಜಪಾನದಾಕಿನ್ನ ಕರೀರಿ. ಇದ್ದಾಗ ನಮ್ಮ ಮಾತು ಎಲ್ಲಿ ಕೇಳ್ತಿದ್ಲು, ಈಗ ಕೇಳಾಕ!"

ಯಾರೋ ನಕ್ಕು, ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಶರಣಿಯ ಮೊಬೈಲು ತೆಗೆದು ಹಾಡು ಹಚ್ಚಿದೆ. ಆ ಹಾಡಿನ ನಡುವೆ ವಾದ್ಯ, ದನಿ ಎರಡೂ ನಿಂತು ಒಂದು ಗಳಿಗೆ ಬರಿದಾಗುತ್ತದೆ. ಮನೆಯಲ್ಲಿ ಆ ಬರಿದನ್ನು ಶರಣಿ ತನ್ನ ಗುನುಗಿನಿಂದ ತುಂಬುತ್ತಿದ್ದಳು. ಆ ಗಳಿಗೆ ಬಂದಾಗಲೇ ಒಂದು ಕಾಗೆ ಇಳಿದು ರೊಟ್ಟಿಯ ಅಂಚನ್ನು ಕಚ್ಚಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಅವ್ವ ಮಾತ್ರ ನನ್ನ ಮೊಣಕೈ ಹಿಡಿದಳು.

"ಯವ್ವಾ, ನಡುವ ನಮ್ಮಾಕಿ ದನಿ ಬಂತಲ್ಲ?"

ಬಂದಿತ್ತು. ನನಗೂ ಕೇಳಿಸಿತ್ತು.

ಅಂದಿನಿಂದ ಆ ಹಾಡನ್ನು ಒಲೆಯ ಮುಂದೆ, ಹಿತ್ತಿಲಲ್ಲಿ, ಅದೇ ಗುಂಡಿಯ ಬಳಿ ಹಚ್ಚಿದ್ದೇವೆ. ನಡುವಿನ ಬರಿದು ಬರಿದಾಗಿಯೇ ಇದೆ. ಎಂಥ ವಿಚಿತ್ರ ನೋಡಿ. ನಾವು ಕಾಣದ ದೇಶದ ಹೆಣ್ಣೊಬ್ಬಳ ಎಳೆಯ ದನಿ, ಮಾಗಿದ ದನಿ, ಸೋತ ದನಿ ಎಲ್ಲವೂ ಆ ಪುಟ್ಟ ಗಾಜಿನೊಳಗೆ ಕೆಡದೆ ಕುಳಿತಿವೆ. ಅವಳು ಹಾಡು ಬಿಟ್ಟರೂ ಹಾಡು ಅವಳನ್ನು ಬಿಟ್ಟಿಲ್ಲ. ನಮ್ಮ ಮನೆಯ ಮಗಳು ದಿನವೂ ಕಿವಿಯ ಪಕ್ಕದಲ್ಲೇ ಹಾಡಿದಳು, ನಾಳೆಯೂ ಹಾಡುತ್ತಾಳೆಂದು ಯಾರೂ ಆ ದನಿಯನ್ನು ಹಿಡಿದಿಡಲಿಲ್ಲ. ಕಾಗೆ ಮುಟ್ಟಿತು, ಕಾರ್ಯ ಮುಗಿಯಿತು ಎಂದು ಬಳಗ ತಂತಮ್ಮ ಊರಿಗೆ ಹೋಯಿತು. ಅವ್ವ ಈಗಲೂ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಆ ಗಳಿಗೆಗಾಗಿ ಕಾಯುತ್ತಾಳೆ.

ಅದರಲ್ಲಿ ಶರಣಿಯ ಫೋಟೋಗಳಿವೆ. ದನಿ ಇಲ್ಲ.