ಖಾಲಿ ಸೀಟಿನ ದೋಷ

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಕಳೆದ ವರ್ಷ ನಾನೊಂದು ರೇಸ್ ಕಾರಿನ ತಾಂತ್ರಿಕ ವೀಕ್ಷಕನಾಗಿದ್ದೆ. ನೇಮಿಸಿದವರು ಜಾವಳಿಯಲ್ಲಿ ಕಾಫಿ ಬೆಳೆಯುವ, ಅರವತ್ತು ದಾಟಿದ ನಮ್ಮ ಭಾವ. ನನ್ನ ಅರ್ಹತೆ, ಕೈಬರಹ ದುಂಡಗಿದೆ ಎಂಬುದು. ಇಷ್ಟು ಕಾಲ ಮೇಷ್ಟ್ರಾಗಿದ್ದವನಿಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದರೆ ಅರ್ಧ ವಿಜ್ಞಾನ ಮುಗಿದಂತೆಯೇ.

ಮಳೆಗಾಲದ ಕೆಸರು ರೇಸಿನಲ್ಲಿ ಭಾವ ಮೂರು ವರ್ಷ ಕಟ್ಟಕಡೆಗೆ ಬಂದಿದ್ದರು. "ಈ ಸಲಾನೂ ಕೊನೆಗೆ ಬಂದ್ರೆ ಕಾರು ಮಾರೋದೇ" ಎಂದು ಅಕ್ಕ ಹೇಳಿಬಿಟ್ಟಿದ್ದಳು. ಭಾವನಿಗೋ ಅದರ ಮೇಲೆ ಪ್ರಾಣ. ಮೋಡ ಕಂಡರೆ ಕಣದಲ್ಲಿ ಒಣಗುತ್ತಿದ್ದ ಕಾಫಿಯ ಟಾರ್ಪಾಲು ತೆಗೆದು ಕಾರಿಗೆ ಹೊದಿಸುತ್ತಿದ್ದರು.

ಭಾರ ಇಳಿಸಲು ಮೊದಲು ಹಿಂದಿನ ಸೀಟು ಕಿತ್ತೆವು. ದೊಡ್ಡ ರೇಸುಗಳಲ್ಲಿ ಕಾರಿಗೆ ಬಣ್ಣದ ದ್ರವ ಬಳಿದು ಗಾಳಿಯ ಹಾದಿ ನೋಡುತ್ತಾರಂತೆ. ನಮ್ಮಲ್ಲಿದ್ದದ್ದು ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ, ಅದನ್ನೇ ಹೊಡೆದೆವು. ಗಾಳಿಯ ಹಾದಿ ಕಾಣಲಿಲ್ಲ, ಕಾರಿಗೆ ಕೊಳೆರೋಗ ಬರುವುದಿಲ್ಲ ಎಂಬ ಧೈರ್ಯ ಮಾತ್ರ ಬಂತು.

ತೋಟದ ರಸ್ತೆಯಲ್ಲಿ ಪರೀಕ್ಷೆ. ಮೊದಲ ಸುತ್ತು ಆರು ನಿಮಿಷ, ಎರಡನೆಯದು ಹದಿನೇಳು. ಇಂಜಿನ್ನಿನ ಮೇಲೆ ಅನುಮಾನ ಬಂದು ಮೂರನೆಯ ಸುತ್ತಿಗೆ ತಿರುವಿನಲ್ಲೇ ಹೋಗಿ ನಿಂತೆ. ಭಾವ ಬಂದರು. ಹಾರನ್ ಹೊಡೆದರು, ಇಲ್ಲದ ಬಸ್ಸಿಗೆ ಸೈಡ್ ಕೊಟ್ಟರು, ನನ್ನೆದುರು ನಿಲ್ಲಿಸಿ, "ಎಲ್ಲಿಗೆ ಮಾರಾಯ? ಹತ್ತು" ಎಂದರು. ನಾನು ಹತ್ತಿದೆ ಕೂಡ.

ಹಿಂದಿನ ಸುತ್ತಿನಲ್ಲಿ ತೋಟದ ಲೆಕ್ಕ ಬರೆಯುವ ರೈಟರನ್ನು ಬಸ್ ಸ್ಟಾಪಿಗೆ ಬಿಟ್ಟುಬಂದಿದ್ದರೆಂದು ಆಗ ತಿಳಿಯಿತು. ನಮ್ಮ ಕಡೆ ಸೀಟು ಖಾಲಿಯಿದ್ದು, ನಡೆಯುವವರನ್ನು ದಾಟಿ ಹೋದರೆ ಆ ಸುದ್ದಿ ನಮಗಿಂತ ಮೊದಲು ಮನೆ ತಲುಪುತ್ತದೆ. ಆದರೆ ಭಾವನಿಗೆ ಎದುರೆದುರು ತಪ್ಪು ತೋರಿಸುವುದು ಹೇಗೆ? "ಎಡಗಡೆ ಸೀಟು ಖಾಲಿ. ಭರ್ತಿ ಮಾಡತಕ್ಕದ್ದು" ಎಂದಷ್ಟೇ ನೋಟ್‌ಬುಕ್ಕಿನಲ್ಲಿ ಬರೆದು, ಭರ್ತಿಗೆ ನಾನೇ ಕೂತೆ. ಇಳಿಸಿದ ಭಾರವೆಲ್ಲ ನನ್ನ ರೂಪದಲ್ಲಿ ವಾಪಸು ಬಂತು. ಆದರೂ ಮುಂದಿನ ಸುತ್ತು ಐದೇ ನಿಮಿಷಕ್ಕೆ ಮುಗಿಯಿತು.

ರೇಸಿನ ದಿನ ಮುಕ್ಕಾಲು ದಾರಿ ಭಾವ ಹಾರನ್ನನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ಸಂಸೆ ಊರಿನಿಂದ ಬಂದಿದ್ದ ಸ್ಪರ್ಧಿಯೊಬ್ಬರ ಕಾರು ಚರಂಡಿಗೆ ಇಳಿದಿರುವುದು ಕಂಡಿತು. ಅವರು ಹೆಲ್ಮೆಟ್ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದರು. ಭಾವ ಹಲ್ಲು ಕಚ್ಚಿ ದಾಟಿಯೇಬಿಟ್ಟರು.

"ಭಾವ, ನಿಲ್ಸಿ. ಪಾಪ, ನೆನೀತಿದಾರೆ."

ಹೇಳಿದವನು ನಾನೇ. ಭಾವ ರಿವರ್ಸ್ ತೆಗೆದರು. ಹಿಂದಿನ ಸೀಟು ಇಲ್ಲವಲ್ಲ, ಸಂಸೆಯವರು ನನ್ನ ತೊಡೆಯ ಮೇಲೆ ಕೂತರು. ಗೇರ್ ಹಾಕಬೇಕಾದಾಗಲೆಲ್ಲ ನಾವಿಬ್ಬರೂ ಸೇರಿ ಕಾಲು ಎತ್ತಬೇಕಾಯಿತು. ಹೀಗೆ ಕೊನೆಯವರಾಗಿ ಗುರಿ ಮುಟ್ಟಿದೆವು. ನನ್ನಿಂದಲೇ ಕಾರು ಹೋಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಮನೆಯಲ್ಲಿ ಅಕ್ಕ ನೋಟ್‌ಬುಕ್ ಕೇಳಿ ತೆಗೆದುಕೊಂಡು, ಸಂಸೆಯವರನ್ನು ಹತ್ತಿಸಿಕೊಂಡದ್ದು ಬರೆದಿದ್ದ ಕೊನೆಯ ಪುಟದವರೆಗೂ ಓದಿದಳು. ಭಾವ ಗೋಡೆ ನೋಡುತ್ತಿದ್ದರು.

"ಅಲ್ಲ, ಅವ್ರನ್ನ ಅಷ್ಟು ದೂರ ಕರ್ಕೊಂಡು ಬಂದು" ಎಂದಳು ಅಕ್ಕ, "ಊಟಕ್ಕೆ ಕರೀದೆ ಹಾಗೇ ಕಳ್ಸಿದ್ರಾ?"

ಕಾರು ಮಾರುವ ಮಾತು ಆಮೇಲೆ ಬರಲಿಲ್ಲ. ಹಿಂದಿನ ಸೀಟನ್ನು ಮಾರನೆಯ ದಿನವೇ ಹಾಕಿಸಿದೆವು.